ಕರೆದ ಅತಿಥಿ ಗಡಿಯಿಂದಲೇ ಮರಳದಿರಲು: ವಿದೇಶಿ ವಿದ್ವಾಂಸರನ್ನು ಗೋಷ್ಠಿಗೆ ಕರೆಯುವವರಿಗೆ

2019ರ ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಬಜ್ಪೆ ವಿಮಾನ ನಿಲ್ದಾಣದ ಹೊರಬಾಗಿಲಿನಲ್ಲಿ ಒಂದು ಅಟ್ಟೆ ಶಂಕರಪುರ ಮಲ್ಲಿಗೆ ಹಿಡಿದುಕೊಂಡು ನಿಂತಿದ್ದೆ. ಯುರೋಪಿನ ಒಬ್ಬ ಜಾನಪದ ವಿದ್ವಾಂಸೆ ನಮ್ಮ ವಿಚಾರಸಂಕಿರಣಕ್ಕೆ ಬರುವವರಿದ್ದರು. ಇಪ್ಪತ್ತು ವರ್ಷಗಳಿಂದ ಕರಾವಳಿಗೆ ಬಂದು ಹೋಗುತ್ತಿದ್ದವರು ಅವರು. ತುಳುವಿನ ಕಥನ ಹಾಡುಗಳಾದ ಪಾಡ್ದನಗಳನ್ನು ಕೇಳಿ ಅರ್ಥ ಹಿಡಿಯುವಷ್ಟು ತುಳು ಕಲಿತಿದ್ದರು. ದೊಡ್ಡ ನಗರವೊಂದರಲ್ಲಿ ಇಳಿದು, ಅಲ್ಲಿಂದ ಮಂಗಳೂರಿನ ವಿಮಾನ ಹತ್ತಬೇಕಿತ್ತು. ಆ ವಿಮಾನ ಬಂತು. ಪ್ರಯಾಣಿಕರೆಲ್ಲರೂ ಹೊರಬಂದರು. ಅವರು ಬರಲಿಲ್ಲ, ಮೊಬೈಲ್ ಹತ್ತಲಿಲ್ಲ. ಮುಂದಿನ ವಿಮಾನಕ್ಕೂ ಕಾದೆವು. ಕಾರಿನ ಚಾಲಕ, ‘ಅಕ್ಕಾ, ಊಟವಾದರೂ ಮಾಡಿ ಬನ್ನಿ’ ಎಂದು ಎರಡು ಬಾರಿ ಕರೆದರು. ಸಂಜೆಯ ಹೊತ್ತಿಗೆ ಬೇರೊಂದು ದೇಶದ ವಿಮಾನ ನಿಲ್ದಾಣದಿಂದ ಅವರ ಸಂದೇಶ ಬಂತು: ‘ನನ್ನನ್ನು ಒಳಗೆ ಬಿಡಲಿಲ್ಲ. ಕಾರಣ ಹೇಳಲಿಲ್ಲ. ಅಜ್ಜಿಗೆ ತಿಳಿಸು.’

ಅಜ್ಜಿ ಎಂದರೆ ಹಿರಿಯಡ್ಕದ ಕಡೆಯ ಒಬ್ಬ ಪಾಡ್ದನಗಾರ್ತಿ. ಅತಿಥಿಗೆಂದು ಅಂದು ಮೂಡೆ ಬೇಯಿಸಿಟ್ಟಿದ್ದರು. ನಾನು ಹೋಗಿ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ಅವರು ಏನು ತಪ್ಪು ಮಾಡಿದ್ದರು ಟೀಚರೇ?’

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಅವರು ತಮ್ಮ ದೇಶದ ಪತ್ರಿಕೆಯೊಂದರಲ್ಲಿ ನಮ್ಮ ಸರ್ಕಾರದ ಒಂದು ನಿರ್ಧಾರವನ್ನು ಟೀಕಿಸಿ ಬರೆದಿದ್ದರು. ಅದು ಕಾರಣವಾಗಿರಬಹುದು. ಆದರೆ ಅವರ ಬಳಿ ಇದ್ದುದು ಪ್ರವಾಸಿ ವೀಸಾ. ಹಾಗೆ ಬನ್ನಿ ಎಂದು ಹೇಳಿದವಳು ನಾನೇ. ‘ಎರಡು ದಿನದ ಗೋಷ್ಠಿಗೆ ಅಷ್ಟೆಲ್ಲ ಕಾಗದಪತ್ರ ಯಾಕೆ, ಪ್ರವಾಸಿ ವೀಸಾ ಬೇಗ ಸಿಗುತ್ತದೆ’ ಎಂದು ಬರೆದಿದ್ದೆ. ಹಾಗಾಗಿ ಅವರನ್ನು ತಡೆದದ್ದು ಅವರ ಅಭಿಪ್ರಾಯಕ್ಕೋ ನನ್ನ ಸೋಮಾರಿತನಕ್ಕೋ ಎಂದು ಯಾರೂ ಹೇಳಲಾರರು. ನಾನು ಮಾಡಿದ ದೊಡ್ಡ ಅನ್ಯಾಯ ಇದೇ. ರಾಜಕೀಯ ಕಾರಣಕ್ಕೆ ಒಬ್ಬರನ್ನು ಹೊರಗಿಡುವುದಾದರೆ ಅದು ರಾಜಕೀಯ ಕಾರಣವೆಂದೇ ಕಾಣಬೇಕು. ಕಾಗದದ ತಪ್ಪಿನ ಹಿಂದೆ ಅದು ಅಡಗಿಕೊಳ್ಳಲು ಕರೆದವರು ಜಾಗ ಕೊಡಬಾರದು. ಉಡುಪಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಮೇಲೆ ಹಲವು ಕಾಲೇಜುಗಳ ಅಧ್ಯಾಪಕರಿಗೆ ಈ ಕೆಲಸದಲ್ಲಿ ನೆರವಾಗಿದ್ದೇನೆ. ಅವರಿಗೆ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಪಟ್ಟಿ

ಸಂಘಟನಾ ಸಮಿತಿಯ ಮೊದಲ ಸಭೆಯಲ್ಲಿಯೇ ಯಾರಾದರೊಬ್ಬರು ಹೇಳುತ್ತಾರೆ: ‘ಆ ಹೆಸರು ಬೇಡ ಮೇಡಂ, ಸುಮ್ಮನೆ ತಲೆನೋವು.’ ಇದಕ್ಕೆ ಒಪ್ಪಬೇಡಿ. ಗಡಿಯಲ್ಲಿ ತಡೆಯಲ್ಪಟ್ಟವರ ಹೆಸರು ಒಂದು ದಿನವಾದರೂ ಪತ್ರಿಕೆಯಲ್ಲಿ ಬರುತ್ತದೆ. ನಮ್ಮ ಸಭೆಯ ಮೇಜಿನ ಮೇಲೆ ಪೆನ್ನಿನಿಂದ ಹೊಡೆದುಹಾಕಿದ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ನಿರಾಕರಿಸುವ ಅಧಿಕಾರ ಸರ್ಕಾರದ್ದು; ಆ ಕೆಲಸವನ್ನು ನಾವು ಮುಂಚಿತವಾಗಿ, ಸಂಬಳವಿಲ್ಲದೆ ಮಾಡಿಕೊಡಬೇಕಾಗಿಲ್ಲ.

ನಮ್ಮ ಜಿಲ್ಲೆಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಮಹಾಕಾವ್ಯವನ್ನು 1990ರಲ್ಲಿ ಧ್ವನಿಮುದ್ರಿಸಿಕೊಂಡ ತಂಡದ ಮುಂದಾಳು ಫಿನ್ಲೆಂಡಿನ ಲೌರಿ ಹೊಂಕೊ. ಪಾಡ್ದನ ಮತ್ತು ಸಿರಿ ಆರಾಧನೆಯ ಮೇಲೆ ದಶಕಗಟ್ಟಲೆ ದುಡಿದವರು ಅಮೆರಿಕದ ಪೀಟರ್ ಕ್ಲಾಸ್. ಹಿರಿಯಡಕ ಗೋಪಾಲರಾಯರಲ್ಲಿ ಯಕ್ಷಗಾನ ಕಲಿತು ಅದನ್ನು ಹೊರಗಿನ ಓದುಗರಿಗೆ ಮುಟ್ಟಿಸಿದವರು ಅಮೆರಿಕದಿಂದ ಬಂದ ಮಾರ್ತಾ ಆಶ್ಟನ್. ಜರ್ಮನಿಯ ಹೈಡ್ರೂನ್ ಬ್ರೂಕ್ನರ್ ತುಳುನಾಡಿನ ಭೂತಾರಾಧನೆಯ ಪಠ್ಯಗಳನ್ನು ಅಭ್ಯಾಸ ಮಾಡಿದರು. ಅದಕ್ಕೂ ಹಿಂದೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಮಂಗಳೂರಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಹೊರಗಿನಿಂದ ಬಂದವರೇ. ಇವರಲ್ಲಿ ಒಬ್ಬರನ್ನು ಯಾರಾದರೂ ಬಂದರಿನಲ್ಲಿಯೋ ವಿಮಾನ ನಿಲ್ದಾಣದಲ್ಲಿಯೋ ತಿರುಗಿಸಿ ಕಳುಹಿಸಿದ್ದರೆ ನಮ್ಮ ಕಪಾಟುಗಳಲ್ಲಿ ಏನೇನು ಇರುತ್ತಿರಲಿಲ್ಲ ಎಂಬುದನ್ನು ಸಮಿತಿಯ ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ. ನಾನು ಪ್ರತಿ ಬಾರಿಯೂ ಹೇಳುತ್ತೇನೆ.

ಹೆಸರು ಉಳಿಸಿಕೊಂಡ ಮೇಲೆ ಅತಿಥಿಗೆ ಸತ್ಯ ಹೇಳಬೇಕು. ‘ಬನ್ನಿ’ ಎಂದು ಬರೆಯುವ ಅದೇ ಪತ್ರದಲ್ಲಿ ‘ನಿಮ್ಮನ್ನು ಒಳಗೆ ಬಿಡದಿರುವ ಸಾಧ್ಯತೆಯೂ ಇದೆ’ ಎಂದು ಬರೆಯಿರಿ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸರ್ಕಾರವೇ ನಡೆಸಿದ ಸಂವಿಧಾನ ಮತ್ತು ರಾಷ್ಟ್ರೀಯ ಐಕ್ಯತಾ ಸಮಾವೇಶಕ್ಕೆ ಆಹ್ವಾನಿತರಾಗಿ ಬಂದಿದ್ದ ಲಂಡನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಬೆಂಗಳೂರು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಲಾಯಿತು. ಅವರ ಕೈಯಲ್ಲಿ ರಾಜ್ಯ ಸರ್ಕಾರದ ಆಮಂತ್ರಣವಿತ್ತು, ಸಾಗರೋತ್ತರ ಭಾರತೀಯ ಪೌರರ ಕಾರ್ಡ್, ಅಂದರೆ ಒಸಿಐ ಕೂಡ ಇತ್ತು. ದೆಹಲಿಯ ಆದೇಶ ಎಂಬುದರ ಹೊರತು ಬೇರೆ ಕಾರಣ ಹೇಳಲಿಲ್ಲ ಎಂದು ಅವರು ಬಹಿರಂಗವಾಗಿ ತಿಳಿಸಿದರು. ಮರುವರ್ಷ ಆ ಕಾರ್ಡೂ ರದ್ದಾಯಿತು. ಒಂದು ರಾಜ್ಯ ಸರ್ಕಾರದ ಮೊಹರಿಗೆ ಇಲ್ಲದ ಬಲ ನಮ್ಮ ಕಾಲೇಜಿನ ಮೊಹರಿಗೆ ಇರುವುದಿಲ್ಲ. ಇದನ್ನು ತಿಳಿದ ಮೇಲೂ ಬರಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕು ಅತಿಥಿಯದು.

ಯಾವ ವೀಸಾ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಎಡವಿದ್ದು ಇಲ್ಲಿಯೇ. ವಿಚಾರಸಂಕಿರಣಕ್ಕೆ ಬರುವವರಿಗೆ ಕಾನ್ಫರೆನ್ಸ್ ವೀಸಾ ಎಂಬ ಪ್ರತ್ಯೇಕ ವರ್ಗವಿದೆ. ಅರ್ಹತೆ ಇದ್ದವರು ಅದನ್ನು ಇ-ವೀಸಾ ರೂಪದಲ್ಲಿಯೂ ಪಡೆಯಬಹುದು. ಹಳ್ಳಿಗೆ ಹೋಗಿ ಧ್ವನಿಮುದ್ರಣ ಮಾಡುವುದು, ಜನರನ್ನು ಸಂದರ್ಶಿಸುವುದು, ಭೂತಕೋಲ ನೋಡಿ ಟಿಪ್ಪಣಿ ಮಾಡಿ ಪ್ರಬಂಧ ಬರೆಯುವುದು ಸಂಶೋಧನೆ. ಅದಕ್ಕೆ ಸಂಶೋಧನಾ ವೀಸಾ ಬೇಕು. ಪತ್ರಕರ್ತರಿಗೆ ಪತ್ರಕರ್ತರ ವೀಸಾ. ಅತಿಥಿ ಇವುಗಳಲ್ಲಿ ಎರಡನ್ನು ಮಾಡುವವರಾದರೆ ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ‘ಗೋಷ್ಠಿ ಮುಗಿದ ಮೇಲೆ ಹಾಗೆಯೇ ಕಾರ್ಕಳದ ಕಡೆ ಹೋಗಿ ಒಂದೆರಡು ಪಾಡ್ದನ ರೆಕಾರ್ಡ್ ಮಾಡಿಕೊಳ್ಳುತ್ತೇನೆ’ ಎಂಬ ಮಾತು ನಮಗೆ ಸಹಜವಾಗಿ ಕೇಳಿಸುತ್ತದೆ. ಕಡತದಲ್ಲಿ ಅದು ವೀಸಾ ಷರತ್ತಿನ ಉಲ್ಲಂಘನೆ.

ಒಸಿಐ ಕಾರ್ಡ್ ಇದ್ದವರು ತಮಗೆ ಇದಾವುದೂ ಅನ್ವಯವಾಗುವುದಿಲ್ಲ ಎಂದುಕೊಂಡಿರುತ್ತಾರೆ. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ಅವರೂ ಸಂಶೋಧನೆ, ಪತ್ರಿಕಾ ಕೆಲಸ, ಧರ್ಮಪ್ರಚಾರ, ತಬ್ಲಿಗ್ (ಇಸ್ಲಾಮಿನ ಧರ್ಮಬೋಧನೆ) ಮುಂತಾದವುಗಳಿಗೆ ವಿಶೇಷ ಅನುಮತಿ ಪಡೆಯಬೇಕು. ಮಂಗಳೂರು ಮೂಲದ ವಿದೇಶಿ ಪೌರರು ನಮ್ಮ ಗೋಷ್ಠಿಗಳಿಗೆ ಬರುವುದು ಹೆಚ್ಚು. ಅವರಿಗೆ ಇದನ್ನು ಮರೆಯದೆ ಹೇಳಿ.

ಷರತ್ತು ಮುರಿದರೆ ಆ ದಿನವೇ ಯಾರೂ ಕೇಳುವುದಿಲ್ಲ. ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆ. ತಿಳಿಯುವುದು ಮುಂದಿನ ಬಾರಿ ಬಂದಾಗ. ಹಿಂದಿ ಸಾಹಿತ್ಯದ ಹೆಸರಾಂತ ವಿದ್ವಾಂಸೆ, ಲಂಡನ್ನಿನ ಸೋಆಸ್ ಸಂಸ್ಥೆಯ ಫ್ರಾಂಚೆಸ್ಕಾ ಒರ್ಸಿನಿ 2025ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಇಳಿದಾಗ ಅವರ ಬಳಿ ಐದು ವರ್ಷದ ಇ-ವೀಸಾ ಇತ್ತು. ಆದರೂ ಬಂದ ದಾರಿಯಲ್ಲೇ ಕಳುಹಿಸಿದರು. ಹಿಂದಿನ ಭೇಟಿಯಲ್ಲಿ ವೀಸಾ ಷರತ್ತು ಮೀರಿದ್ದರು, ಮಾರ್ಚ್‌ನಿಂದಲೇ ಕಪ್ಪುಪಟ್ಟಿಯಲ್ಲಿದ್ದರು ಎಂದು ಸರ್ಕಾರದ ಮೂಲಗಳು ಅನಂತರ ಹೇಳಿದ್ದಾಗಿ ಪತ್ರಿಕೆಗಳಲ್ಲಿ ಬಂತು. ವಿದ್ವಾಂಸರನೇಕರು ಇದನ್ನು ನಂಬಲಿಲ್ಲ. ನಿಜವಾದ ಕಾರಣ ಬೇರೆ ಎಂದರು. ನನ್ನ ಮನಸ್ಸು ಆ ವಿದ್ವಾಂಸರ ಕಡೆಗಿದೆ. ಆದರೆ ಇಂಥ ವಾದದಲ್ಲಿ ಮನಸ್ಸು ಯಾವ ಕಡೆಗಿದೆ ಎಂಬುದು ಸಾಲುವುದಿಲ್ಲ. 2020ರ ಏಪ್ರಿಲ್‌ನಲ್ಲಿ ತಬ್ಲಿಗ್ ಜಮಾತ್‌ನ 960 ವಿದೇಶಿಯರನ್ನು ಒಮ್ಮೆಗೇ ಕಪ್ಪುಪಟ್ಟಿಗೆ ಸೇರಿಸಿದಾಗಲೂ ಮುಂದಿಟ್ಟ ಕಾರಣ ಇದೇ: ಪ್ರವಾಸಿ ವೀಸಾದಲ್ಲಿ ಬಂದು ಬೇರೆ ಕೆಲಸ ಮಾಡಿದರು ಎಂಬುದು.

ಅನುಮತಿಗಳು ಮತ್ತು ಆಮಂತ್ರಣ ಪತ್ರ

ಕಾನ್ಫರೆನ್ಸ್ ವೀಸಾಕ್ಕೆ ಸಾಮಾನ್ಯವಾಗಿ ಕೇಳುವ ಕಾಗದಗಳು ಮೂರು: ಸಂಘಟಕರ ಆಮಂತ್ರಣ ಪತ್ರ, ವಿದೇಶಾಂಗ ಸಚಿವಾಲಯದ ಪೊಲಿಟಿಕಲ್ ಕ್ಲಿಯರೆನ್ಸ್, ಗೃಹ ಸಚಿವಾಲಯದ ಈವೆಂಟ್ ಕ್ಲಿಯರೆನ್ಸ್. ಕಚೇರಿಗಳಲ್ಲಿ ಎಲ್ಲರೂ ಇವೇ ಹೆಸರುಗಳಿಂದ ಕರೆಯುತ್ತಾರೆ, ನೀವೂ ಹಾಗೆಯೇ ಕೇಳಿ. ಪೊಲಿಟಿಕಲ್ ಕ್ಲಿಯರೆನ್ಸ್ ಎಂಬ ಹೆಸರು ಕೇಳಿ ನಮ್ಮ ಯುವ ಅಧ್ಯಾಪಕರೊಬ್ಬರು ಹೆದರಿದ್ದರು. ಹೆದರುವಂಥದ್ದೇನೂ ಇಲ್ಲ. ವಿದೇಶಾಂಗ ನೀತಿಯ ದೃಷ್ಟಿಯಿಂದ ಈ ಕಾರ್ಯಕ್ರಮಕ್ಕೆ ಆಕ್ಷೇಪವಿಲ್ಲ ಎಂಬ ಒಪ್ಪಿಗೆ ಅದು. ನಾನು ಅದನ್ನು ಬೇರೊಂದು ರೀತಿಯಲ್ಲಿಯೂ ನೋಡುತ್ತೇನೆ: ನಾವು ಯಾರನ್ನು, ಯಾವ ವಿಷಯಕ್ಕೆ, ಯಾವ ದಿನ ಕರೆದಿದ್ದೇವೆ ಎಂದು ಸರ್ಕಾರಕ್ಕೆ ಮುಂಚಿತವಾಗಿ ತಿಳಿಸಿದ್ದೇವೆ ಎಂಬುದಕ್ಕೆ ಅದು ಸಾಕ್ಷಿ.

ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್, ಇರಾಕ್, ಸುಡಾನ್ ಪ್ರಜೆಗಳಿಗೆ ಮತ್ತು ಪಾಕಿಸ್ತಾನಿ ಮೂಲದ ಬೇರೆ ದೇಶದ ಪೌರರಿಗೆ ಇದರ ಜೊತೆಗೆ ಭದ್ರತಾ ಪರಿಶೀಲನೆಯೂ ಇರುತ್ತದೆ, ಅದು ನಿಧಾನ. ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಪ್ರಾಧ್ಯಾಪಕರಾದರೂ ಅಜ್ಜ ಲಾಹೋರಿನವರಾಗಿದ್ದರೆ ಇ-ವೀಸಾ ಸಿಗುವುದಿಲ್ಲ, ಸಾಮಾನ್ಯ ವೀಸಾಕ್ಕೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ತಂದೆತಾಯಿ ಮತ್ತು ಅಜ್ಜ ಅಜ್ಜಿಯರ ಬಗ್ಗೆ ಈ ಪ್ರಶ್ನೆ ನೇರವಾಗಿಯೇ ಇದೆ. ಅತಿಥಿಯನ್ನು ಇದರ ಬಗ್ಗೆ ಕೇಳುವುದು ಮುಜುಗರದ ಕೆಲಸ. ಆದರೂ ಕೇಳಿ.

ನನ್ನ ಲೆಕ್ಕದಲ್ಲಿ ಆರು ತಿಂಗಳ ಮೊದಲು ಕೆಲಸ ಶುರುವಾಗಬೇಕು. ಡಿಸೆಂಬರಿನ ಗೋಷ್ಠಿಯಾದರೆ ಆಟಿ ತಿಂಗಳು (ಜುಲೈ ನಡುವಿಗೆ ಶುರುವಾಗುವ ತುಳು ತಿಂಗಳು) ಬರುವ ಮೊದಲು ಪಟ್ಟಿ ಸಿದ್ಧವಾಗಿರಲಿ. ಪ್ರತಿಯೊಬ್ಬರ ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಸರಿಯಾಗಿ, ಹುಟ್ಟಿದ ದಿನ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ ಎಲ್ಲವೂ ಒಂದೇ ಹಾಳೆಯಲ್ಲಿರಲಿ. ಅರ್ಜಿ ಯಾವ ದಾರಿಯಲ್ಲಿ ಹೋಗಬೇಕೆಂದು ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಆಮಂತ್ರಣ ಪತ್ರದಲ್ಲಿ ಗೋಷ್ಠಿಯ ವಿಷಯವನ್ನು ಇದ್ದ ಹಾಗೆಯೇ ಬರೆಯಿರಿ. ‘ಕರಾವಳಿಯ ಭೂಮಿ, ಮೀನುಗಾರಿಕೆ ಮತ್ತು ಜನರ ಹಕ್ಕು’ ಎಂಬುದು ವಿಷಯವಾದರೆ ಅದನ್ನು ‘ಕರಾವಳಿ ಸಂಸ್ಕೃತಿ’ ಎಂದು ಮೆತ್ತಗೆ ಮಾಡಬೇಡಿ. ಮುಂದೆ ಯಾರಾದರೂ ಕಡತ ತೆರೆದರೆ, ಮುಚ್ಚಿಟ್ಟವರು ನಾವು ಎಂದಾಗುತ್ತದೆ. ಹೇಗೆ ಬರೆದರೂ ತಡೆಯುವವರು ತಡೆಯುತ್ತಾರೆ. 2022ರ ಮಾರ್ಚ್‌ನಲ್ಲಿ ತಿರುವನಂತಪುರದಿಂದ ಹಿಂದಕ್ಕೆ ಕಳುಹಿಸಲ್ಪಟ್ಟ ಬ್ರಿಟನ್ನಿನ ಮಾನವಶಾಸ್ತ್ರಜ್ಞ ಫಿಲಿಪ್ಪೊ ಒಸೆಲ್ಲಾ ಬಂದಿದ್ದುದು ಕೇರಳದ ಕರಾವಳಿ ಸಮುದಾಯಗಳ ಕುರಿತ ಗೋಷ್ಠಿಗೆ. ಮೂವತ್ತು ವರ್ಷ ಕೇರಳದಲ್ಲಿ ಕೆಲಸ ಮಾಡಿದ್ದವರು. ವೀಸಾ ಇತ್ತು.

ಅರ್ಜಿ ತುಂಬುವಾಗ

ಅರ್ಜಿಯಲ್ಲಿ ಕೆಲವು ಪ್ರಶ್ನೆಗಳು ಅತಿಥಿಯನ್ನು ಗೊಂದಲಕ್ಕೆ ಬೀಳಿಸುತ್ತವೆ. ಹಿಂದೆ ಭಾರತದ ವೀಸಾ ನಿರಾಕರಿಸಲಾಗಿತ್ತೇ? ಯಾವುದೇ ದೇಶದಿಂದ ಹೊರಹಾಕಲಾಗಿತ್ತೇ? ಕಳೆದ ಹತ್ತು ವರ್ಷಗಳಲ್ಲಿ ಯಾವ ದೇಶಗಳಿಗೆ ಹೋಗಿದ್ದೀರಿ? ಭಯೋತ್ಪಾದಕ ಹಿಂಸೆಯನ್ನು ಸಮರ್ಥಿಸುವ ಅಭಿಪ್ರಾಯ ವ್ಯಕ್ತಪಡಿಸಿದ್ದೀರಾ? ಎಲ್ಲದಕ್ಕೂ ನಿಜವನ್ನೇ ಬರೆಯಲು ಹೇಳಿ. ಸುಳ್ಳು ಹೇಳಿ ಒಳಗೆ ಬಂದವರನ್ನು ಯಾವ ನ್ಯಾಯಾಲಯವೂ ಕಾಪಾಡುವುದಿಲ್ಲ. ಭಾರತದಲ್ಲಿರುವ ಪರಿಚಿತರ ಹೆಸರು ಕೇಳುವ ಜಾಗದಲ್ಲಿ ಪ್ರಾಂಶುಪಾಲರ ಹೆಸರಿನ ಬದಲು ಫೋನ್ ಎತ್ತುವ ವ್ಯಕ್ತಿಯ ಹೆಸರಿರಲಿ. ನಾನು ನನ್ನ ಹೆಸರನ್ನೇ ಕೊಡುತ್ತೇನೆ.

‘ನನ್ನ ಹಳೆಯ ಬರಹಗಳನ್ನು, ಪೋಸ್ಟ್‌ಗಳನ್ನು ಅಳಿಸಿಬಿಡಲೇ?’ ಎಂದು ಒಬ್ಬ ಸಂಶೋಧಕ ನನ್ನನ್ನು ಕೇಳಿದ್ದರು. ಬೇಡ ಎಂದೆ. ನಾವು ಅವರನ್ನು ಕರೆದದ್ದು ಅವರು ಯೋಚಿಸುವ ರೀತಿಗಾಗಿ. ಯೋಚಿಸಿದ್ದನ್ನು ಅಳಿಸಿಕೊಂಡು ಬನ್ನಿ ಎನ್ನುವ ಅಧಿಕಾರ ಅತಿಥೇಯರಿಗೆ ಇಲ್ಲ.

ಬರುವ ದಾರಿ, ಇಳಿಯುವ ದಿನ

ಮಂಗಳೂರು ವಿಮಾನ ನಿಲ್ದಾಣಕ್ಕೆ ಇ-ವೀಸಾದಲ್ಲಿಯೂ ನೇರವಾಗಿ ಬರಬಹುದು. ನಮ್ಮಲ್ಲಿಗೆ ನೇರ ವಿದೇಶಿ ವಿಮಾನಗಳು ಬರುವುದು ಕೊಲ್ಲಿ ದೇಶಗಳಿಂದ. ಯುರೋಪ್, ಅಮೆರಿಕದವರು ಬಹುಮಟ್ಟಿಗೆ ಮುಂಬೈ ಅಥವಾ ಬೆಂಗಳೂರಿನಲ್ಲಿ ಇಳಿಯುತ್ತಾರೆ. ಇಮಿಗ್ರೇಷನ್ ತಪಾಸಣೆ ನಡೆಯುವುದು ದೇಶದೊಳಗೆ ಮೊದಲು ಇಳಿದ ಕಡೆ. ಆದ್ದರಿಂದ ಮಲ್ಲಿಗೆ ಹಿಡಿದು ಬಜ್ಪೆಯಲ್ಲಿ ನಿಂತವರಿಗೆ ಏನೂ ತಿಳಿಯುವುದಿಲ್ಲ. ಆ ಮೊದಲ ನಗರದಲ್ಲಿ ಒಬ್ಬರು ನಿಮ್ಮವರಾಗಿ ನಿಲ್ಲಬೇಕು. ಹಳೆಯ ವಿದ್ಯಾರ್ಥಿಯೊಬ್ಬರನ್ನು ಕೇಳಿದರೆ ಸಾಕು, ಉಡುಪಿಯವರಿಲ್ಲದ ಬೆಂಗಳೂರಿನ ಬಡಾವಣೆ ಯಾವುದಿದೆ? ಇಳಿದ ತಕ್ಷಣ ಅತಿಥಿ ‘ಇಳಿದೆ’ ಎಂದೂ, ಮೊಹರು ಬಿದ್ದ ಮೇಲೆ ‘ಹೊರಬಂದೆ’ ಎಂದೂ ಎರಡು ಸಂದೇಶ ಕಳುಹಿಸಬೇಕು. ಇವೆರಡರ ನಡುವೆ ಎರಡು ಗಂಟೆ ಮೀರಿದರೆ ಹೊರಗಿರುವವರು ಫೋನ್ ಮಾಡಲು ಶುರುಮಾಡಬೇಕು.

ಒಂದು ಗಟ್ಟಿ ಕಾಗದದ ಮೇಲೆ ನಾಲ್ಕು ಸಂಖ್ಯೆಗಳನ್ನು ಬರೆದು ಅತಿಥಿ ಇಟ್ಟುಕೊಳ್ಳಲಿ: ನಿಮ್ಮದು, ಹೊರಗೆ ನಿಂತವರದು, ಒಬ್ಬ ವಕೀಲರದು, ಅವರ ದೇಶದ ರಾಯಭಾರ ಕಚೇರಿಯದು. ಮೊಬೈಲ್ ಕೈಯಲ್ಲಿ ಉಳಿಯದೇ ಹೋಗಬಹುದು, ಅದಕ್ಕಾಗಿ ಕಾಗದ. ಬೆಂಗಳೂರಿನಲ್ಲಿಯೇ ಜರ್ಮನಿಯ ಕಾನ್ಸುಲೇಟ್ ಇದೆ, ಬ್ರಿಟನ್ನಿನ ಡೆಪ್ಯುಟಿ ಹೈಕಮಿಷನ್ ಇದೆ. ವಿದೇಶಿಯನ್ನು ತಡೆಹಿಡಿದಾಗ ಅವರ ದೇಶದ ಪ್ರತಿನಿಧಿಗಳನ್ನು ಸಂಪರ್ಕಿಸಲು ಬಿಡಬೇಕೆಂದು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ಹೇಳುತ್ತದೆ. ಆಮಂತ್ರಣ, ಎರಡು ಅನುಮತಿಗಳು, ವಾಪಸಿನ ಟಿಕೆಟ್, ತಂಗುವ ವಿಳಾಸ ಇವೆಲ್ಲದರ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಬೇಡ. ಔಷಧಿಯೂ ಕೈಚೀಲದಲ್ಲಿಯೇ ಇರಲಿ. ನನ್ನ ಅತಿಥಿ ರಕ್ತದೊತ್ತಡದ ಮಾತ್ರೆ ಇಲ್ಲದೆ ಒಂದು ರಾತ್ರಿ ಕುರ್ಚಿಯ ಮೇಲೆ ಕಳೆದಿದ್ದರು.

ಒಳಗೆ ಬಂದವರು ನಿಮ್ಮ ಮನೆಯಲ್ಲೇ ಉಳಿದರೂ, ವಿದೇಶಿಯರು ತಂಗಿರುವ ವಿಷಯವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಹಿಂದೆ ಇದನ್ನು ಫಾರಂ ಸಿ ಎನ್ನುತ್ತಿದ್ದೆವು. ಕುಂಜಿಬೆಟ್ಟಿನ ಮನೆಗೆ ಬಂದ ಅತಿಥಿಗೆ ಇದೆಲ್ಲ ಯಾಕೆ ಎಂದು ನೀವು ಕೈಬಿಟ್ಟರೆ ಅದರ ಫಲ ಅವರ ಮುಂದಿನ ಭೇಟಿಗೆ ಕಾದಿರುತ್ತದೆ.

ತಡೆದರೆ

ಮೊದಲು ಕಾನೂನು ಎಲ್ಲಿ ನಿಂತಿದೆ ಎಂದು ತಿಳಿದಿರಬೇಕು, ಇಲ್ಲದಿದ್ದರೆ ಸುಳ್ಳು ಭರವಸೆ ಕೊಡುತ್ತೀರಿ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ ಈಗ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಇದೆ. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಾಯಿತು. ದೇಶದ ಭದ್ರತೆ, ಸಾರ್ವಭೌಮತೆ, ಬೇರೆ ದೇಶದೊಂದಿಗಿನ ಸಂಬಂಧ, ಸಾರ್ವಜನಿಕ ಆರೋಗ್ಯ ಮುಂತಾದ ಕಾರಣಗಳಿಗೆ ಪ್ರವೇಶ ನಿರಾಕರಿಸಬಹುದು, ಇಮಿಗ್ರೇಷನ್ ಅಧಿಕಾರಿಯ ನಿರ್ಧಾರವೇ ಅಂತಿಮ ಎಂದು ಅದರ 3ನೆಯ ಕಲಮು ಹೇಳುತ್ತದೆ. ಸಂವಿಧಾನದ 14 ಮತ್ತು 21ನೆಯ ವಿಧಿಗಳು ಎಲ್ಲ ವ್ಯಕ್ತಿಗಳಿಗೂ ಸೇರಿದವು, 19ನೆಯ ವಿಧಿಯ ವಾಕ್‌ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ. ವಿದೇಶಿಯನ್ನು ಹೊರಗೆ ಕಳುಹಿಸುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಸುಪ್ರೀಂ ಕೋರ್ಟ್ 1955ರಲ್ಲಿ ಹ್ಯಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿಯೇ ಹೇಳಿತ್ತು. ಈ ಅಧಿಕಾರ ಮಂಗಳೂರಿಗೆ ಹೊಸದೂ ಅಲ್ಲ: 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು, ಅನಂತರ ದೇಶದಿಂದಲೇ ಕಳುಹಿಸಿದರು. ಅವರ ಹಂಚಿನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು.

ಇದರಿಂದ ಕೈಕಟ್ಟಿ ಕುಳಿತುಕೊಳ್ಳಬೇಕೆಂದು ಅರ್ಥವಲ್ಲ. ಅತಿಥಿ ಸಮಾಧಾನದಿಂದ, ಜಗಳಕ್ಕೆ ಹೋಗದೆ, ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಲಿ. ಕೊಡದಿದ್ದರೆ ‘ಕೇಳಿದೆ, ಕೊಡಲಿಲ್ಲ’ ಎಂದು ಸಮಯದೊಂದಿಗೆ ಬರೆದುಕೊಳ್ಳಲಿ. ಯಾವ ಹುದ್ದೆಯವರು ಮಾತನಾಡಿದರು, ಯಾವ ಪದಗಳನ್ನು ಬಳಸಿದರು, ಏನಕ್ಕೆ ಸಹಿ ಹಾಕಿಸಿಕೊಂಡರು, ಪಾಸ್‌ಪೋರ್ಟಿನಲ್ಲಿ ಯಾವ ಮೊಹರು ಬಿತ್ತು ಎಂಬುದನ್ನೆಲ್ಲ ವಿಮಾನದಲ್ಲಿ ಕುಳಿತಾಗಲೇ ಬರೆದಿಟ್ಟುಕೊಳ್ಳಬೇಕು. ಒಂದು ವಾರ ಕಳೆದರೆ ನೆನಪು ಮಸುಕಾಗುತ್ತದೆ. ಎದುರಿಗಿರುವ ಅಧಿಕಾರಿ ಪರದೆಯ ಮೇಲೆ ಕಂಡದ್ದನ್ನು ಪಾಲಿಸುತ್ತಿರುತ್ತಾರೆ. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

ಮರುದಿನದಿಂದ ಕೆಲಸ ನಿಮ್ಮದು. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಲ್ಲವರು ಭಾರತೀಯ ನಾಗರಿಕರು ಮಾತ್ರ, ಆದ್ದರಿಂದ ಅದನ್ನು ಅತಿಥಿಯ ಬದಲು ನೀವೇ ಹಾಕಬೇಕು. ಭದ್ರತೆಯ ಕಾರಣ ಹೇಳಿ ತಿರಸ್ಕರಿಸುವ ಸಾಧ್ಯತೆ ಹೆಚ್ಚು. ಆದರೂ ಹಾಕಿ, ತಿರಸ್ಕಾರವೂ ಒಂದು ಲಿಖಿತ ದಾಖಲೆ. ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಒಸೆಲ್ಲಾ ದೆಹಲಿ ಹೈಕೋರ್ಟಿಗೆ ಹೋದರು. ಒಸಿಐ ರದ್ದತಿಯ ಪ್ರಕರಣಗಳಲ್ಲಿ ನೆಲ ಇನ್ನಷ್ಟು ಗಟ್ಟಿಯಾಗಿದೆ, ಏಕೆಂದರೆ ಪೌರತ್ವ ಕಾಯ್ದೆಯ ಪ್ರಕಾರ ರದ್ದು ಮಾಡುವ ಮೊದಲು ಅವರ ಮಾತನ್ನು ಕೇಳಬೇಕು. ಸ್ವೀಡನ್ನಿನ ಪ್ರಾಧ್ಯಾಪಕ ಅಶೋಕ್ ಸ್ವೈನ್ ಅವರ ಕಾರ್ಡನ್ನು ರದ್ದುಗೊಳಿಸಿದ ಆದೇಶವನ್ನು ದೆಹಲಿ ಹೈಕೋರ್ಟ್ 2023ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ತಳ್ಳಿಹಾಕಿತು.

ಕರೆದವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಬೆಲ್ಜಿಯಂನ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಅರ್ನೆಸ್ಟ್ ಮ್ಯಾಂಡೆಲ್‌ಗೆ ಅಮೆರಿಕ ವೀಸಾ ನಿರಾಕರಿಸಿದಾಗ, ಅವರನ್ನು ಆಹ್ವಾನಿಸಿದ್ದ ಅಮೆರಿಕದ ಪ್ರಾಧ್ಯಾಪಕರೇ ನ್ಯಾಯಾಲಯಕ್ಕೆ ಹೋದರು. ಹೊರಗಿನವರಿಗೆ ಬರುವ ಹಕ್ಕಿಲ್ಲದಿರಬಹುದು, ಅವರ ಮಾತನ್ನು ಕೇಳುವ ಹಕ್ಕು ನಾಗರಿಕರಾದ ನಮಗಿದೆ ಎಂಬುದು ಅವರ ವಾದ. 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅವರು ಸೋತರು. ಸೋತ ವಾದವಾದರೂ ನನಗೆ ಅದು ಸರಿಯೆನಿಸುತ್ತದೆ. ಗೋಷ್ಠಿಯ ಸಭಾಂಗಣದಲ್ಲಿ ಕುಳಿತು ಕೇಳಬೇಕಾಗಿದ್ದ ನಮ್ಮ ಇನ್ನೂರು ವಿದ್ಯಾರ್ಥಿಗಳು ಕಳೆದುಕೊಂಡದ್ದನ್ನು ನಿಮ್ಮ ಪತ್ರದಲ್ಲಿ, ಅರ್ಜಿಯಲ್ಲಿ, ಹೇಳಿಕೆಯಲ್ಲಿ ಮುಂದಿಡಿ.

ಪತ್ರಿಕೆಗಳಿಗೆ ಹೇಳುವ ಮೊದಲು ಅತಿಥಿಯನ್ನು ಕೇಳಿ. ಕೆಲವರು ಹೇಳಿ ಎನ್ನುತ್ತಾರೆ. ಕೆಲವರಿಗೆ ಇಲ್ಲಿ ಉಳಿದಿರುವ ಸಹಾಯಕರ, ಹಾಡುಗಾರರ, ಮನೆ ಕೊಟ್ಟವರ ಚಿಂತೆ ಇರುತ್ತದೆ. ನನ್ನ ಅತಿಥಿ ಅಜ್ಜಿಯ ಮನೆಗೆ ಯಾರೂ ಕ್ಯಾಮೆರಾ ಹಿಡಿದು ಹೋಗಬಾರದೆಂದು ಸುಮ್ಮನಿದ್ದರು. ಅವರ ಮೌನವನ್ನು ನಾನು ಗೌರವಿಸಿದೆ. ಹೇಳಿಕೆ ಕೊಡುವುದಾದರೆ, ಎಲ್ಲ ಪಕ್ಷದವರ ವಿಷಯದಲ್ಲಿಯೂ ಒಂದೇ ಮಾತನ್ನಾಡಲು ಸಿದ್ಧರಾಗಿರಿ. 2005ರ ಮಾರ್ಚ್‌ನಲ್ಲಿ ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿ ಅವರಿಗೆ ಅಮೆರಿಕ ವೀಸಾ ನಿರಾಕರಿಸಿದಾಗ, ಎದುರು ಪಕ್ಷದವರಾಗಿದ್ದ ಪ್ರಧಾನಿ ಮನಮೋಹನ್ ಸಿಂಗ್ ಅವರ ಸರ್ಕಾರ ಆ ನಿರ್ಧಾರವನ್ನು ಪ್ರತಿಭಟಿಸಿತ್ತು. ನಾನು ಆ ನಡೆಯನ್ನು ಮೆಚ್ಚುತ್ತೇನೆ. ಇಸ್ಲಾಂ ವಿರೋಧಿ ಮಾತುಗಳಿಗೆ ಹೆಸರಾದ ನೆದರ್ಲೆಂಡಿನ ರಾಜಕಾರಣಿ ಗೀರ್ಟ್ ವಿಲ್ಡರ್ಸ್ ಅವರನ್ನು ಬ್ರಿಟನ್ 2009ರಲ್ಲಿ ಹೀಥ್ರೋದಿಂದ ಹಿಂದೆ ಕಳುಹಿಸಿತ್ತು. ಅವರ ಮಾತುಗಳು ನನಗೆ ಅಸಹ್ಯ. ಆದರೂ ಅದೇ ವರ್ಷ ನ್ಯಾಯಮಂಡಳಿ ಆ ನಿರ್ಧಾರವನ್ನು ರದ್ದುಮಾಡಿದ್ದು ಸರಿ ಎಂದೇ ಹೇಳುತ್ತೇನೆ.

ಉಪನ್ಯಾಸ ನಿಲ್ಲಬಾರದು

ಗೋಷ್ಠಿಗೆ ಹದಿನೈದು ದಿನ ಮೊದಲೇ ಪ್ರಬಂಧದ ಪೂರ್ಣ ಪಠ್ಯವನ್ನೂ ಒಂದು ಧ್ವನಿಮುದ್ರಣವನ್ನೂ ತರಿಸಿಟ್ಟುಕೊಳ್ಳಿ. 2005ರಲ್ಲಿ ಮೋದಿಯವರು ಅಮೆರಿಕದಲ್ಲಿ ಸೇರಿದ್ದ ಸಭೆಗೆ ಉಪಗ್ರಹ ಸಂಪರ್ಕದ ಮೂಲಕ ಮಾತನಾಡಿದ್ದರು. ಈಗ ಅದಕ್ಕೆ ಒಂದು ಲ್ಯಾಪ್‌ಟಾಪ್ ಸಾಕು. 2021ರ ಜನವರಿಯಲ್ಲಿ ಆನ್‌ಲೈನ್ ಅಂತರರಾಷ್ಟ್ರೀಯ ಗೋಷ್ಠಿಗಳಿಗೂ ಪೂರ್ವಾನುಮತಿ ಬೇಕೆಂದು, ಗಡಿ, ಈಶಾನ್ಯ, ಕಾಶ್ಮೀರ, ಲಡಾಖ್, ದೇಶದ ಆಂತರಿಕ ವಿಷಯಗಳನ್ನು ಹೆಸರಿಸಿ, ಒಂದು ಆದೇಶ ಬಂದಿತ್ತು. ವಿಜ್ಞಾನ ಅಕಾಡೆಮಿಗಳು ಆಕ್ಷೇಪಿಸಿದ ಮೇಲೆ ಮರುತಿಂಗಳೇ ಅದನ್ನು ಹಿಂತೆಗೆದುಕೊಂಡರು. ಆದೇಶಗಳು ಹೀಗೆ ಬಂದು ಹೋಗುವುದರಿಂದ ನಿಮ್ಮ ಗೋಷ್ಠಿಯ ಹೊತ್ತಿಗೆ ಯಾವುದು ಜಾರಿಯಲ್ಲಿದೆ ಎಂದು ನೋಡಿಕೊಳ್ಳಿ. ಸಂಪರ್ಕ ಕಡಿದುಹೋದರೆ ಒಬ್ಬ ವಿದ್ಯಾರ್ಥಿನಿ ಎದ್ದು ಪ್ರಬಂಧವನ್ನು ಓದಲಿ. 2019ರಲ್ಲಿ ನಮ್ಮಲ್ಲಿ ಹಾಗೆಯೇ ಮಾಡಿದೆವು. ರಾತ್ರಿ ಕುಳಿತು ಕನ್ನಡಕ್ಕೆ ತಂದ ಹನ್ನೊಂದು ಪುಟಗಳನ್ನು ದ್ವಿತೀಯ ಎಂಎ ಹುಡುಗಿಯೊಬ್ಬಳು ಓದಿದಳು. ಪಾಡ್ದನದ ಸಾಲುಗಳು ಬಂದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿ ತಾವೇ ಹಾಡಿದರು.

ಒಮ್ಮೆ ತಡೆಯಲ್ಪಟ್ಟವರು ಮತ್ತೆ ಬರಲು ಬಯಸಿದರೆ ಇ-ವೀಸಾದ ಬದಲು ತಮ್ಮ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲಿ ಸಾಮಾನ್ಯ ವೀಸಾಕ್ಕೆ ಅರ್ಜಿ ಹಾಕುವುದು ಮೇಲು. ನಿರಾಕರಣೆ ಆಗುವುದಿದ್ದರೆ ಅಲ್ಲಿಯೇ ಆಗಲಿ, ಹತ್ತು ಗಂಟೆಯ ಪ್ರಯಾಣದ ನಂತರ ಬೇಡ. ಹಿಂದಿನ ಘಟನೆಯನ್ನು ವಿವರಿಸುವ ಒಂದು ಪುಟದ ಪತ್ರವನ್ನು ಅರ್ಜಿಯ ಜೊತೆಗಿಡಬೇಕು. ಸಂಘಟಕರ ತಪ್ಪಿದ್ದರೆ ಸಂಘಟಕರೂ ತಮ್ಮ ಪತ್ರ ಸೇರಿಸಬೇಕು. ಈ ವರ್ಷದ ಗೋಷ್ಠಿಯ ಪಟ್ಟಿಯಲ್ಲಿ ನಮ್ಮ ವಿದ್ವಾಂಸೆಯ ಹೆಸರು ಮೊದಲನೆಯದು. ಪ್ರವಾಸಿ ವೀಸಾದಲ್ಲಿ ಬರಲು ಹೇಳಿದ್ದು ನಾನು ಎಂದು ಸಹಿ ಹಾಕಿ ಬರೆದ ಪತ್ರ ಅವರ ಅರ್ಜಿಯೊಂದಿಗೆ ಕಳೆದ ವಾರ ಹೋಗಿದೆ. ‘ಹಿಂದೆ ಪ್ರವೇಶ ನಿರಾಕರಿಸಲಾಗಿತ್ತೇ’ ಎಂಬ ಪ್ರಶ್ನೆಗೆ ಅವರು ‘ಹೌದು’ ಎಂದು ಬರೆದಿದ್ದಾರೆ.